ಸಾವಿರ ಜನ ಉಂಡ ಮದುವೆಗೆ ಸಾಕ್ಷಿ

ಸಂಜೆ ಕರಿಬೇವಿನ ಗಿಡದ ಬುಡಕ್ಕೆ ನೀರು ಹಾಕುತ್ತಿದ್ದೆ. ಕಾಂಪೌಂಡು ಗೋಡೆಯ ಆಚೆಯಿಂದ ಪಕ್ಕದ ಮನೆಯವರು ಕರೆದರು. ಕೈಯಲ್ಲಿ ಎರಡು ಹಾಳೆ, ಮುಖದ ತುಂಬ ಕೋಪ.

"ಅಕ್ಕಾ, ನೀವೇ ಹೇಳಿ. ಮೇ ತಿಂಗಳಲ್ಲಿ ಮದುವೆ ಆಯ್ತು. ನೀವೂ ಬಂದಿದ್ರಿ. ಸಾವಿರ ಜನ ಉಂಡು ಹೋದ್ರು. ಈಗ ನೋಡಿದ್ರೆ ಮದುವೆ ನಿಜವೋ ಸುಳ್ಳೋ ಸಾಬೀತು ಮಾಡಿ ಅಂತಾರಂತೆ ಆಸ್ಟ್ರೇಲಿಯಾದವರು. ಇದಕ್ಕಿಂತ ಅವಮಾನ ಇದೆಯೇನ್ರೀ?"

ಅವರ ಅಳಿಯ ಮೆಲ್ಬರ್ನಿನಲ್ಲಿದ್ದಾನೆ. ಮೂರು ವಾರದ ರಜೆಗೆ ಬಂದು, ತಾಳಿ ಕಟ್ಟಿ, ಬೀಗರ ಊಟ ಮುಗಿಸಿ ಹೊರಟುಹೋದ. ಹುಡುಗಿ ಇಲ್ಲೇ ಮೈಸೂರಿನಲ್ಲಿ, ತವರಿನಲ್ಲಿ. ನಮ್ಮ ಮಗಳೂ ಇದೇ ದಾರಿಯಲ್ಲಿ ಅದೇ ಊರಿಗೆ ಹೋದವಳು. ಅವಳ ಕಾಗದಪತ್ರದ ಫೈಲು ಈಗಲೂ ನಮ್ಮ ಗಾಡ್ರೇಜ್ ಬೀರುವಿನಲ್ಲಿದೆ. ಹಾಗಾಗಿ ವೀಸಾ ಅರ್ಜಿಯ ಆ ಎರಡು ಹಾಳೆ ನನ್ನ ಹತ್ತಿರ ಬಂದವು.

ನಾನು ಹೇಳಿದೆ, ಅವಮಾನ ಅಂದ್ಕೋಬೇಡಿ. ನಮ್ಮ ಬೀದಿಗೆ ನಿಮ್ಮ ಮಗಳ ಮದುವೆ ಗೊತ್ತು, ಅಲ್ಲಿನ ವೀಸಾ ಅಧಿಕಾರಿಗೆ ಗೊತ್ತಿಲ್ಲ. ಅವರು ಛತ್ರಕ್ಕೆ ಬಂದು ಊಟ ಮಾಡಿಲ್ಲ. ಬಂದಿದ್ದರೆ ಏನು ಕಾಣುತ್ತಿತ್ತೋ ಅದನ್ನು ಕಾಗದದಲ್ಲಿ ಕಾಣಿಸಿ ಎಂದು ಕೇಳುತ್ತಿದ್ದಾರೆ, ಅಷ್ಟೇ.

"ಅದೇನು ಪಾರ್ಟ್‌ನರ್ ವೀಸಾ ಅಂತಾರೆ? ಅಂಗಡಿ ಪಾಲುದಾರಿಕೆ ಇದ್ದ ಹಾಗೆ? ಹೆಂಡತಿ ವೀಸಾ ಅಂತ ಬಾಯ್ತುಂಬ ಹೇಳಬಾರದಾ?"

ಆ ಹೆಸರಿಗೂ ಕಾರಣ ಇದೆ. ಅಲ್ಲಿನ ಕಾನೂನು ಗಂಡ ಹೆಂಡತಿಯನ್ನು ಮಾತ್ರ ನೋಡುವುದಿಲ್ಲ. ಮದುವೆಯಾಗದೆ ಒಂದೇ ಮನೆಯಲ್ಲಿ ಸಂಸಾರ ಹೂಡಿದವರೂ, ಇಬ್ಬರು ಗಂಡಸರೂ, ಇಬ್ಬರು ಹೆಂಗಸರೂ ಇದೇ ವೀಸಾಕ್ಕೆ ಅರ್ಜಿ ಹಾಕಬಹುದು. ಮದುವೆ ಆಗದವರಾದರೆ ಸಾಮಾನ್ಯವಾಗಿ ಹನ್ನೆರಡು ತಿಂಗಳ ಸಂಬಂಧ ತೋರಿಸಬೇಕು. ಕಾನೂನುಬದ್ಧವಾಗಿ ಮದುವೆ ಆದವರಿಗೆ ಆ ಹನ್ನೆರಡು ತಿಂಗಳ ಲೆಕ್ಕ ಇಲ್ಲ.

ಇನ್ನೊಂದನ್ನು ಮೊದಲೇ ಕೇಳಿಕೊಂಡೆ. ಹುಡುಗ ಅಲ್ಲಿ ಏನಾಗಿದ್ದಾನೆ? ಪ್ರಜೆಯೋ, ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಇದೆಯೋ, ಕೆಲಸದ ತಾತ್ಕಾಲಿಕ ವೀಸಾದಲ್ಲಿದ್ದಾನೋ? ತಾತ್ಕಾಲಿಕ ವೀಸಾದವನು ಹೆಂಡತಿಗೆ ಪಾರ್ಟ್‌ನರ್ ವೀಸಾ ಪ್ರಾಯೋಜಿಸಲು ಬರುವುದಿಲ್ಲ. ಅವನ ವೀಸಾಕ್ಕೇ ಅವಳನ್ನು ಕುಟುಂಬದವಳೆಂದು ಸೇರಿಸಬೇಕು. ಅದು ಬೇರೆ ದಾರಿ, ಬೇರೆ ಖರ್ಚು. ನಿಶ್ಚಿತಾರ್ಥಕ್ಕೆ ಮುಂಚೆ ಹುಡುಗನ ಸಂಬಳ, ಸ್ವಂತ ಮನೆ, ಕಾರು ಎಲ್ಲ ಕೇಳುತ್ತೇವೆ. ವೀಸಾ ಯಾವುದು ಎಂದು ಕೇಳುವವರು ಕಡಿಮೆ. ಕೇಳಲೇಬೇಕಾದ್ದು ಅದು. ಈ ಹುಡುಗನಿಗೆ ಪಿಆರ್ ಇದೆ. ಇಲ್ಲಿಂದಲೇ 309 ಮತ್ತು 100 ಎಂಬ ಎರಡು ವೀಸಾಕ್ಕೆ ಒಂದೇ ಅರ್ಜಿ. ಮೊದಲನೆಯದು ತಾತ್ಕಾಲಿಕ, ಎರಡನೆಯದು ಕಾಯಂ. ಅರ್ಜಿ ಹಾಕಿ ಎರಡು ವರ್ಷವಾದ ಮೇಲೆ ಕಾಯಂ ವೀಸಾದ ಪ್ರಶ್ನೆ ಬರುತ್ತದೆ. ಆಗ ಇನ್ನೊಮ್ಮೆ ಸಾಕ್ಷಿ ಕೊಡಬೇಕು.

"ಎರಡು ಸಲ!" ಎಂದು ಅವರು ಗೋಡೆಗೆ ಒರಗಿದರು.

ನಾನು ಒಳಗೆ ಹೋಗಿ ಕಾಫಿ ತಂದೆ. ಗೋಡೆಯ ಮೇಲೆ ಲೋಟ ಇಟ್ಟುಕೊಂಡು ಮಾತು ಮುಂದುವರಿಯಿತು.

ಆಸ್ಟ್ರೇಲಿಯಾದ ವಲಸೆ ನಿಯಮ 1994ರದ್ದು. ಅದರಲ್ಲಿ ಸಂಸಾರವನ್ನು ನಾಲ್ಕು ಕಡೆಯಿಂದ ನೋಡಬೇಕೆಂದು ಬರೆದಿದೆ. ದುಡ್ಡುಕಾಸು ಹೇಗೆ ನಡೆಯುತ್ತದೆ, ಮನೆವಾರ್ತೆ ಹೇಗೆ, ನಾಲ್ಕು ಜನ ಇವರನ್ನು ಗಂಡ ಹೆಂಡತಿ ಎಂದು ಒಪ್ಪಿದ್ದಾರೆಯೇ, ಮುಂದಕ್ಕೂ ಒಟ್ಟಿಗಿರುವ ಮನಸ್ಸು ಇಬ್ಬರಿಗೂ ಇದೆಯೇ. ನನಗಂತೂ ಇದನ್ನು ಓದಿದಾಗ ನಮ್ಮ ಅಜ್ಜಿಯರು ಸಂಬಂಧ ವಿಚಾರಿಸುತ್ತಿದ್ದದ್ದೇ ನೆನಪಾಯಿತು. ಅವರೂ ಇದನ್ನೇ ಕೇಳುತ್ತಿದ್ದರು.

"ಮನೆವಾರ್ತೆ ಎಲ್ಲಿ ಬಂತು ಅಕ್ಕ? ಒಟ್ಟಿಗೆ ಇದ್ದದ್ದೇ ಹದಿನೆಂಟು ದಿನ."

ಅದಕ್ಕೂ ಕಾನೂನಿನಲ್ಲಿ ಜಾಗ ಇದೆ. ಒಟ್ಟಿಗೆ ಬಾಳುತ್ತಿರಬೇಕು, ಇಲ್ಲವಾದರೆ ಬೇರೆ ಬೇರೆ ಇರುವುದು ಕಾಯಂ ಆಗಿರಬಾರದು ಎಂದಿದೆ. ಸಮುದ್ರದ ಎರಡು ದಡದಲ್ಲಿರುವ ದಂಪತಿಗಳನ್ನು ಉಳಿಸುವ ಮಾತು ಅದು. ನನ್ನ ಮಗಳು ಅರ್ಜಿ ಹಾಕಿದ್ದು 2019ರ ಆಗಸ್ಟಿನಲ್ಲಿ. 2020ರ ಮಾರ್ಚ್ 20ಕ್ಕೆ ಆಸ್ಟ್ರೇಲಿಯಾ ಹೊರಗಿನವರಿಗೆ ಬಾಗಿಲು ಮುಚ್ಚಿತು. ವೀಸಾ ಬಂದು ಅವಳು ವಿಮಾನ ಹತ್ತಿದ್ದು 2021ರ ಆರಂಭದಲ್ಲಿ. ಹೋದಮೇಲೂ ಹದಿನಾಲ್ಕು ದಿನ ಹೋಟೆಲಿನ ಕೋಣೆಯಲ್ಲಿ ಕ್ವಾರಂಟೈನ್. ಅಷ್ಟೂ ಕಾಲ ಅವರಿಬ್ಬರ ಸಂಸಾರ ನಡೆದದ್ದು ಫೋನಿನಲ್ಲಿ. ಅವನು ಅಲ್ಲಿ ಅಡುಗೆ ಮಾಡುವಾಗ ಇವಳು ಇಲ್ಲಿಂದ ಹುಣಸೆ ಎಷ್ಟು ಹಾಕಬೇಕು ಎಂದು ಹೇಳಿಕೊಡುತ್ತಿದ್ದಳು. ಆ ಕರೆಗಳ ಪಟ್ಟಿಯನ್ನೇ ತಿಂಗಳಿಗೆ ಒಂದೆರಡು ಪುಟದಂತೆ ತೆಗೆದು ಅರ್ಜಿಗೆ ಸೇರಿಸಿದಳು. ಆಡಿದ ಮಾತನ್ನೆಲ್ಲ ಕೊಡಬೇಕಾಗಿಲ್ಲ. ಮಾತು ನಿಂತಿಲ್ಲ ಎನ್ನುವುದು ಕಂಡರಾಯಿತು.

ಅಷ್ಟರಲ್ಲಿ ಹುಡುಗಿಯೂ ಹೊರಗೆ ಬಂದಳು. "ಆಂಟಿ, ದುಡ್ಡಿನ ಸಾಕ್ಷಿ ನಮ್ಮ ಹತ್ತಿರ ಏನೂ ಇಲ್ಲ. ಜಾಯಿಂಟ್ ಅಕೌಂಟೂ ಇಲ್ಲ."

ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ಇದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ನಿನ್ನ ಖಾತೆಗೆ ನಾಮಿನಿ ಯಾರು? ಎಲ್‌ಐಸಿಗೆ? ಕೆಲಸ ಬಿಡುವ ಮುಂಚೆ ಪಿಎಫ್‌ಗೆ? ಅವನ ಸೂಪರ್‌ ಆನ್ಯುಯೇಷನ್‌ಗೆ, ಅಂದರೆ ಅಲ್ಲಿನ ಪಿಎಫ್‌ಗೆ, ಯಾರ ಹೆಸರಿದೆ? ಮದುವೆ ಆಗಿ ಐದು ತಿಂಗಳಾದರೂ ಎಲ್ಲ ಕಡೆಯೂ ಅಪ್ಪನ ಹೆಸರೇ ಇದೆ ಎಂದಳು. ಬದಲಾಯಿಸು ಎಂದೆ. ವೀಸಾಕ್ಕಾಗಿ ಮಾತ್ರ ಅಲ್ಲ. ಮದುವೆಯಾದ ಪ್ರತಿಯೊಬ್ಬರೂ ಮಾಡಬೇಕಾದ ಕೆಲಸ ಅದು. ಗಂಡ ಸತ್ತಮೇಲೆ ನಾಮಿನಿಯಲ್ಲಿ ಹೆಸರಿಲ್ಲದೆ ಕೌಂಟರಿನ ಮುಂದೆ ನಿಂತು ಅತ್ತ ಹೆಂಗಸರನ್ನು ನಾನು ನೋಡಿದ್ದೇನೆ.

ಆಮೇಲೆ ಅವಳಮ್ಮನನ್ನು ಕೇಳಿದೆ, ಮುಯ್ಯಿ ಪುಸ್ತಕ ಎಲ್ಲಿದೆ?

"ಅದು ಯಾಕಕ್ಕ?"

ಅದಕ್ಕಿಂತ ಒಳ್ಳೆಯ ಸಾಕ್ಷಿ ಯಾವುದಿದೆ? ಛತ್ರದಲ್ಲಿ ಮೇಜು ಹಾಕಿಕೊಂಡು ಕೂತು ನಿಮ್ಮ ಮೈದುನ ಬರೆದದ್ದು. ಯಾವ ಊರಿನ ಯಾರು ಎಷ್ಟು ಮುಯ್ಯಿ ಮಾಡಿದರು, ಯಾರು ಬೆಳ್ಳಿ ಕುಂಕುಮದ ಬಟ್ಟಲು ಕೊಟ್ಟರು, ಎಲ್ಲ ಅದರಲ್ಲಿದೆ. ನಾಲ್ಕು ಜನ ಒಪ್ಪಿದ ಮದುವೆ ಎನ್ನುವುದಕ್ಕೆ ನಾನೂರು ಜನರ ಹೆಸರು. ಎರಡು ಪುಟ ಭಾಷಾಂತರ ಮಾಡಿಸಿ ಹಾಕಿದರೆ ಸಾಕು. ಲಗ್ನಪತ್ರಿಕೆಯನ್ನೂ ಹಾಗೆಯೇ. ಇಂಗ್ಲಿಷಿನಲ್ಲಿ ಇಲ್ಲದ ಯಾವ ಕಾಗದಕ್ಕೂ ಇಂಗ್ಲಿಷ್ ಅನುವಾದ ಬೇಕು. ಇಲ್ಲಿ ಮಾಡಿಸಿದರೆ ಅನುವಾದಕರ ಹೆಸರು, ವಿಳಾಸ, ವಿದ್ಯಾರ್ಹತೆ ಬರೆದಿರಬೇಕು. ನಮ್ಮ ಮಗಳ ಲಗ್ನಪತ್ರಿಕೆಯನ್ನು ಅನುವಾದ ಮಾಡಿದವರು 'ಚಿ|| ಸೌ||' ಎನ್ನುವಲ್ಲಿ ಅರ್ಧ ಗಂಟೆ ನಿಂತರು. ಬಿಡಿ, ಕೊನೆಗೆ ಅದನ್ನು ವಧುವನ್ನು ಹರಸುವ ಗೌರವಪದ ಎಂದು ಬರೆದು ಮುಂದೆ ಹೋದರು. ಅದು ಸರಿಯಾಗಿಯೇ ಇತ್ತು.

ಲಗ್ನಪತ್ರಿಕೆ, ಮುಯ್ಯಿ ಎಲ್ಲ ಜೊತೆಗಿರುವ ಸಾಕ್ಷಿ. ಮೂಲ ಸಾಕ್ಷಿ ನೋಂದಣಿ ಪತ್ರ. ಮದುವೆಗಳನ್ನು ಕಡ್ಡಾಯವಾಗಿ ನೋಂದಾಯಿಸಬೇಕೆಂದು ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದೆ. ಆದರೂ ನಮ್ಮಲ್ಲಿ ವೀಸಾ ಬೇಕಾದಾಗಲೇ ಸಬ್‌ ರಿಜಿಸ್ಟ್ರಾರ್ ಆಫೀಸಿನ ನೆನಪು. ಇವರು ಜೂನ್‌ನಲ್ಲಿ ಮಾಡಿಸಿಕೊಂಡಿದ್ದರು, ಒಳ್ಳೆಯದಾಯಿತು. ಆದರೆ ಆ ಪತ್ರ ಕೈಗೆ ತೆಗೆದುಕೊಂಡು ನೋಡಿದರೆ ಹೆಸರಿನ ಗೋಜಲು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹುಡುಗಿಯ ಹೆಸರಿನ ಕೊನೆಗೆ ಅಪ್ಪನ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರೇ ಸರ್‌ನೇಮ್. ಮದುವೆ ಪತ್ರದಲ್ಲಿ ಇನಿಷಿಯಲ್ ಮುಂದಕ್ಕೆ ಬಂದಿದೆ. ಆಧಾರಿನಲ್ಲಿ ಹೋದ ತಿಂಗಳು ಗಂಡನ ಹೆಸರು ಸೇರಿಸಿಬಿಟ್ಟಿದ್ದಾರೆ. ನಾಲ್ಕು ಕಾಗದದಲ್ಲಿ ನಾಲ್ಕು ಹುಡುಗಿಯರು. ಅಪ್ಪನ ಹೆಸರು, ಊರ ಹೆಸರು, ಮನೆತನದ ಹೆಸರು ಎಂದು ನಮ್ಮದು ಸೊಗಸಾದ ಪದ್ಧತಿ. ಹೊರದೇಶದ ಫಾರಂ ಅದಕ್ಕೆ ಹೊಂದುವುದಿಲ್ಲ.

ಅದಕ್ಕೇ ಹೇಳಿದೆ, ಇನ್ನು ಯಾವ ಹೆಸರನ್ನೂ ಮುಟ್ಟಬೇಡಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಅರ್ಜಿಯಲ್ಲಿ ಬರಲಿ. ಉಳಿದ ರೂಪಗಳೆಲ್ಲ ಒಬ್ಬಳದೇ ಹೆಸರು ಎಂದು ಒಂದು ಅಫಿಡವಿಟ್ಟು ಮಾಡಿಸಿ. ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕೆಂಬ ಕಾನೂನು ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಹುಡುಗಿಯ ಮುಖ ಸ್ವಲ್ಪ ಅರಳಿತು. ಅವಳಿಗೆ ತನ್ನ ಹೆಸರು ಇದ್ದಂತೆಯೇ ಇರಲಿ ಎಂಬ ಆಸೆ ಇತ್ತೆಂದು ಆಗ ಗೊತ್ತಾಯಿತು.

ಪಕ್ಕದ ಮನೆಯವರಿಗೆ ಇನ್ನೂ ಸಿಟ್ಟು ಹೋಗಿರಲಿಲ್ಲ. "ನಮ್ಮನ್ನೇ ಯಾಕೆ ಇಷ್ಟು ಅನುಮಾನಿಸ್ತಾರೆ?" ಎಂದರು. ಅವರ ನೋವು ಸುಳ್ಳಲ್ಲ. ಅದಕ್ಕೆ ಹಳೆಯ ಬೇರಿದೆ. 1901ರಲ್ಲಿ ಆಸ್ಟ್ರೇಲಿಯಾ ಬಿಳಿಯರಲ್ಲದವರನ್ನು ತಡೆಯಲು ವಲಸೆ ನಿರ್ಬಂಧ ಕಾಯ್ದೆ ತಂದಿತು. ಬಂದವರಿಗೆ ಯಾವುದಾದರೂ ಯುರೋಪಿನ ಭಾಷೆಯಲ್ಲಿ ಐವತ್ತು ಪದದ ಉಕ್ತಲೇಖನ ಕೊಡುವುದು, ಬರೆಯಲಾಗದಿದ್ದರೆ ವಾಪಸು ಕಳಿಸುವುದು. ಆಗಲೇ ಅಲ್ಲಿ ನೆಲೆಸಿದ್ದ ಭಾರತೀಯರು ಎಷ್ಟೋ ವರ್ಷ ಹೆಂಡತಿ ಮಕ್ಕಳಿಲ್ಲದೆ ಬದುಕಿದರು. 1918ರ ಇಂಪೀರಿಯಲ್ ವಾರ್ ಕಾನ್ಫರೆನ್ಸಿನಲ್ಲಿ ಒಂದು ಠರಾವು ಆಯಿತು: ಬ್ರಿಟಿಷ್ ಸಾಮ್ರಾಜ್ಯದ ದೇಶಗಳಲ್ಲಿ ನೆಲೆಸಿದ ಭಾರತೀಯ ತನ್ನ ಹೆಂಡತಿಯನ್ನೂ ಚಿಕ್ಕ ಮಕ್ಕಳನ್ನೂ ಕರೆಸಿಕೊಳ್ಳಬಹುದು. ಆದರೆ ಒಬ್ಬಳೇ ಹೆಂಡತಿ, ಅವಳು ಕಾನೂನುಬದ್ಧ ಹೆಂಡತಿ ಎಂದು ಭಾರತ ಸರ್ಕಾರ ಪ್ರಮಾಣಪತ್ರ ಕೊಡಬೇಕು. ನೋಡಿ, ಹೆಂಡತಿಯನ್ನು ಕಾಗದದಲ್ಲಿ ತೋರಿಸಬೇಕಾದ ಕಷ್ಟ ನೂರು ವರ್ಷ ದಾಟಿದ್ದು. 1922ರಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು ಆಸ್ಟ್ರೇಲಿಯಾವನ್ನೆಲ್ಲ ಸುತ್ತಿ ಅಲ್ಲಿನ ಭಾರತೀಯರ ಹಕ್ಕಿಗಾಗಿ ಮಾತಾಡಿದರು. ಉಕ್ತಲೇಖನದ ಪರೀಕ್ಷೆ ಹೋದದ್ದು 1958ರಲ್ಲಿ. ಇವತ್ತಿನ ಫಾರಂ ಎಲ್ಲ ದೇಶದವರಿಗೂ ಒಂದೇ. ಇಂಗ್ಲೆಂಡಿನ ಹುಡುಗಿಯೂ ಇದೇ ಸಾಕ್ಷಿ ಕೊಡಬೇಕು. ನಮಗೆ ಮುಂಚೆ ಹೋದವರು ಅಷ್ಟು ಕಷ್ಟಪಟ್ಟ ಮೇಲೆ ತೆರೆದ ಬಾಗಿಲು ಇದು ಎಂದೇ ನಾನು ತಿಳಿಯುತ್ತೇನೆ.

"ಇವಳಪ್ಪ ಒಬ್ಬ ಏಜೆಂಟನ್ನ ನೋಡಿದಾರೆ. ಎಲ್ಲ ಅವನೇ ಮಾಡ್ತಾನಂತೆ. ಪಾಸ್‌ವರ್ಡು ಗೀಸ್‌ವರ್ಡು ಎಲ್ಲ ಅವನೇ ಇಟ್ಕೊತಾನಂತೆ."

ಇಲ್ಲಿ ನಾನು ಲೋಟ ಕೆಳಗಿಟ್ಟೆ.

ನಮಗೂ ಒಬ್ಬ ಏಜೆಂಟ್ ಸಿಕ್ಕಿದ್ದ. ಮಗಳಿಗೆ ಐದು ಸೀರೆ ತಗೊಂಡು ಬನ್ನಿ ಎಂದ. ಒಂದೇ ದಿನ ಚಾಮುಂಡಿ ಬೆಟ್ಟ, ಕಾರಂಜಿ ಕೆರೆ, ಬೃಂದಾವನ ಸುತ್ತಿಸಿ ಐದು ಬೇರೆ ಬೇರೆ ತಿಂಗಳ ಫೋಟೋ ಅಂತ ತೋರಿಸೋಣ ಎಂದ. ಮಗಳು ಅಲ್ಲೇ ಎದ್ದಳು. "ನಮ್ಮದು ನಿಜವಾದ ಮದುವೆ, ಅದಕ್ಕೆ ಸುಳ್ಳು ಫೋಟೋ ಯಾಕೆ?" ಎಂದು ಕೇಳಿ ಮನೆಗೆ ಬಂದಳು. ಅವಳು ಎದ್ದದ್ದು ನಮ್ಮ ಪುಣ್ಯ. ಸುಳ್ಳು ದಾಖಲೆ ಎಂದು ಕಂಡರೆ ಅರ್ಜಿ ತಿರಸ್ಕಾರ ಆಗುವುದು ಮಾತ್ರ ಅಲ್ಲ, ಮೂರು ವರ್ಷದ ತಡೆಯೂ ಬೀಳಬಹುದು. ಅದೇ ಮನುಷ್ಯ ಇನ್ನೊಂದು ಮನೆಯವರಿಗೆ ಟೂರಿಸ್ಟ್ ವೀಸಾದಲ್ಲಿ ಹೋಗಿ ಅಲ್ಲಿಂದಲೇ ಅರ್ಜಿ ಹಾಕಿ ಎಂದಿದ್ದನಂತೆ. ಟೂರಿಸ್ಟ್ ವೀಸಾಕ್ಕೆ 8503 ಎಂಬ ಷರತ್ತು ಹಾಕಿದ್ದರೆ ಅಲ್ಲಿದ್ದುಕೊಂಡು ಬೇರೆ ವೀಸಾ ಕೇಳಲು ಸಾಮಾನ್ಯವಾಗಿ ಬರುವುದಿಲ್ಲ. ಅದನ್ನು ಅವನು ಹೇಳಿರಲೇ ಇಲ್ಲ.

ಎಲ್ಲ ಏಜೆಂಟರೂ ಕೆಟ್ಟವರು ಎನ್ನುವುದಿಲ್ಲ. ಹಿಂದೆ ಅರ್ಜಿ ತಿರಸ್ಕಾರವಾಗಿದ್ದರೆ, ಯಾರಿಗಾದರೂ ಎರಡನೇ ಮದುವೆಯಾಗಿದ್ದರೆ, ತಿಳಿದವರ ಸಹಾಯ ಬೇಕೇ ಬೇಕು. ಆಸ್ಟ್ರೇಲಿಯಾದಲ್ಲಿ ಸಲಹೆ ಕೊಡುವ ವಲಸೆ ಏಜೆಂಟರಿಗೆ ನೋಂದಣಿ ಸಂಖ್ಯೆ ಇರುತ್ತದೆ, ಸರ್ಕಾರದ ಪಟ್ಟಿಯಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ಸಂಖ್ಯೆ ಕೇಳಿ. ಹೇಳಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ. ಆದರೆ ಈ ಮನೆಯದು ನೇರವಾದ ಅರ್ಜಿ. ಹುಡುಗಿ ಎಂಜಿನಿಯರಿಂಗ್ ಓದಿದವಳು. ಅವಳ ಮದುವೆಯ ಕತೆಯನ್ನು ಅವಳಿಗಿಂತ ಚೆನ್ನಾಗಿ ಯಾರು ಬರೆಯುತ್ತಾರೆ?

ಏಕೆಂದರೆ ಕತೆ ಬರೆಯಲೇಬೇಕು. ಮೊದಲು ಎಲ್ಲಿ ನೋಡಿದಿರಿ, ಯಾವಾಗ ಒಪ್ಪಿದಿರಿ, ದೂರ ಇದ್ದಾಗ ಹೇಗಿದ್ದಿರಿ, ಮುಂದೇನು. ಹುಡುಗಿಗೆ ಅದೇ ಭಯ. "ನಮ್ಮದು ಅರೇಂಜ್ಡ್ ಆಂಟಿ. ನಿಶ್ಚಿತಾರ್ಥಕ್ಕೆ ಮುಂಚೆ ಎರಡೇ ಸಲ ನೋಡಿದ್ದು. ನಂಬ್ತಾರಾ?" ನಂಬುತ್ತಾರೆ ಮಗಳೇ, ಇದ್ದದ್ದನ್ನು ಇದ್ದ ಹಾಗೆ ಬರೆದರೆ. ಜಾತಕ ಕೂಡಿತು, ಹೆಣ್ಣು ನೋಡಲು ಬಂದರು, ಕೇಸರಿಬಾತು ಕೊಟ್ಟೆವು. ಅದನ್ನೂ ಬರೆ. ನನ್ನ ಮಗಳು ಬರೆದಿದ್ದಳು: ತಾರಸಿಯ ಮೇಲೆ ಇಪ್ಪತ್ತು ನಿಮಿಷ ಮಾತಾಡಿದೆವು, ಅವನು ಕೇಳಿದ ಮೊದಲ ಪ್ರಶ್ನೆ 'ನಿಮಗೆ ಮಳೆ ಇಷ್ಟವಾ, ಮೆಲ್ಬರ್ನಿನಲ್ಲಿ ಒಂದೇ ದಿನ ನಾಲ್ಕು ಋತು ಬರುತ್ತೆ' ಅಂತ. ಅದನ್ನು ಯಾವ ಏಜೆಂಟೂ ಕಟ್ಟಿ ಬರೆಯಲಾರ. ಆ ಏಜೆಂಟರ ಕಂಪ್ಯೂಟರಿನಲ್ಲಿ ಒಂದೇ ಪ್ರೇಮಕತೆ ಇರುತ್ತದೆ, ಹೆಸರು ಮಾತ್ರ ಬದಲಾಗುತ್ತದೆ.

ಶುಲ್ಕದ ವಿಷಯ ಬಂತು. ಒಂಬತ್ತು ಸಾವಿರ ಆಸ್ಟ್ರೇಲಿಯನ್ ಡಾಲರಿಗೂ ಮೇಲೆ, ನಮ್ಮ ಲೆಕ್ಕದಲ್ಲಿ ಐದು ಲಕ್ಷಕ್ಕೂ ಹೆಚ್ಚು. ಪ್ರತಿ ಜುಲೈ 1ಕ್ಕೆ ಏರುವುದು ರೂಢಿ. ಅರ್ಜಿ ತಿರಸ್ಕಾರವಾದರೆ ವಾಪಸು ಬರುವುದಿಲ್ಲ. ಇದಲ್ಲದೆ ಅವರು ಗೊತ್ತುಮಾಡಿದ ಡಾಕ್ಟರ ಹತ್ತಿರ ವೈದ್ಯಕೀಯ ಪರೀಕ್ಷೆ, ಪಾಸ್‌ಪೋರ್ಟ್ ಆಫೀಸಿನಿಂದ ಪೊಲೀಸ್ ಕ್ಲಿಯರೆನ್ಸ್. ಅಳಿಯನೂ ಪೊಲೀಸ್ ಪತ್ರ ಕೊಡಬೇಕು ಎಂದಾಗ ಪಕ್ಕದ ಮನೆಯವರಿಗೆ ಸಮಾಧಾನವಾಯಿತು.

"ಶುಲ್ಕ ನೀವೇ ಕಟ್ಟಿ ಅಂತ ಬೀಗರು ಹೇಳ್ತಿದಾರೆ ಅಕ್ಕ" ಎಂದರು, ದನಿ ತಗ್ಗಿಸಿ.

ಹುಡುಗಿ ಬೇರೆ ಕಡೆ ನೋಡಿದಳು. ನಾನು ನೇರವಾಗಿಯೇ ಹೇಳಿದೆ. ಗಂಡ ಹೆಂಡತಿ ಸೇರಿ ಕಟ್ಟಲಿ, ಅದು ಅವರ ಸಂಸಾರದ ಮೊದಲ ಖರ್ಚು. ಅವನ ಖಾತೆಯಿಂದ ಹೋದರೆ ಅದೂ ಒಂದು ಸಾಕ್ಷಿಯೇ. ಹೆಣ್ಣಿನ ತವರಿನಿಂದ ಕೇಳಿ ಪಡೆದರೆ ಅದು ವರದಕ್ಷಿಣೆ. ವೀಸಾ ಎಂಬ ಹೊಸ ಹೆಸರು ಕೊಟ್ಟರೆ ಬೇರೆ ಆಗುವುದಿಲ್ಲ. 1961ರಿಂದ ನಮ್ಮಲ್ಲಿ ಅದಕ್ಕೆ ಕಾನೂನಿದೆ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯವೂ 2018ರಲ್ಲಿ ತನ್ನ ಕೌಟುಂಬಿಕ ಹಿಂಸೆ ಕಾಯ್ದೆ ತಿದ್ದಿ, ವರದಕ್ಷಿಣೆಗಾಗಿ ಪೀಡಿಸುವುದನ್ನು ಹಿಂಸೆಯ ಉದಾಹರಣೆಯಾಗಿ ಹೆಸರಿಸಿತು. ಅಲ್ಲಿಗೆ ಹೋದ ನಮ್ಮ ಹೆಣ್ಣುಮಕ್ಕಳ ಕಣ್ಣೀರು ಕಂಡೇ ಆ ತಿದ್ದುಪಡಿ ಬಂದದ್ದು.

ಇದೇ ಕಾರಣಕ್ಕೆ ಹುಡುಗಿಯನ್ನು ಗೋಡೆಯ ಹತ್ತಿರ ಕರೆದು ಹೇಳಿದೆ. ಅರ್ಜಿದಾರಳು ನೀನು. ಗಂಡ ಪ್ರಾಯೋಜಕ ಅಷ್ಟೇ. ವೀಸಾ ಬರುವುದು ನಿನ್ನ ಹೆಸರಿಗೆ. ಅದು ಸಿಕ್ಕ ದಿನದಿಂದ ನೀನು ಅಲ್ಲಿ ಕೆಲಸ ಮಾಡಬಹುದು, ಓದಬಹುದು, ಸರ್ಕಾರಿ ಆರೋಗ್ಯ ಯೋಜನೆ ಮೆಡಿಕೇರ್‌ಗೆ ಸೇರಬಹುದು. ಗಂಡ ಕೋಪ ಬಂದಾಗ 'ನಿನ್ನ ವೀಸಾ ಕ್ಯಾನ್ಸಲ್ ಮಾಡಿಸ್ತೀನಿ' ಎನ್ನುವುದು ಎಷ್ಟೋ ಮನೆಯಲ್ಲಿ ಕೇಳುವ ಮಾತು. ವೀಸಾ ರದ್ದು ಮಾಡುವ ಅಧಿಕಾರ ಸರ್ಕಾರದ್ದು, ಗಂಡನದಲ್ಲ. ಹಿಂಸೆಯಿಂದ ಸಂಬಂಧ ಮುರಿದರೆ, ಅವನಿಲ್ಲದೆಯೂ ಕಾಯಂ ವೀಸಾ ಕೇಳಲು ಆ ದೇಶದ ನಿಯಮದಲ್ಲೇ ಅವಕಾಶ ಇದೆ. ಹಿಂಸೆಗೆ ಒಳಗಾದವರ ಸಹಾಯಕ್ಕೆ 1800 737 732 ಎಂಬ ನಂಬರು ಹಗಲಿರುಳೂ ಇರುತ್ತದೆ. ಇಂಗ್ಲಿಷಿನಲ್ಲಿ ಹೇಳಿಕೊಳ್ಳಲು ಕಷ್ಟವಾದರೆ ದುಭಾಷಿಗಳನ್ನು ಕೇಳಲು 131 450. ನಿನ್ನ ಗಂಡ ಒಳ್ಳೆಯವನು, ನಾನೂ ನೋಡಿದ್ದೇನೆ. ನಿನಗೆ ಈ ನಂಬರು ಎಂದೂ ಬೇಕಾಗದಿರಲಿ. ಆದರೂ ಬರೆದಿಟ್ಟುಕೋ, ಬೇಕಾದವಳು ಇನ್ನೊಬ್ಬಳು ಅಲ್ಲಿ ನಿನ್ನ ಪಕ್ಕದ ಮನೆಯಲ್ಲಿ ಇರಬಹುದು.

ಅವಳಮ್ಮನ ಕಣ್ಣಲ್ಲಿ ನೀರು ಬಂತು. ಮದುವೆಯಾದ ವರ್ಷ ಇಂಥ ಮಾತು ಆಡಬಾರದೆಂದು ನಮ್ಮಲ್ಲಿ ಹೇಳುತ್ತಾರೆ. ಆಡಬೇಕು. ವಿಮಾನ ಹತ್ತಿದ ಮೇಲೆ ಆಡುವವರು ಯಾರು?

ಕತ್ತಲಾಗುತ್ತಿತ್ತು. "ನೀವೂ ಒಂದು ಸಾಕ್ಷಿ ಬರೆದುಕೊಡ್ತೀರಾ ಆಂಟಿ?" ಎಂದು ಹುಡುಗಿ ಕೇಳಿದಳು. ದಂಪತಿಗಳನ್ನು ಬಲ್ಲವರು ಬರೆದುಕೊಡಲು ಫಾರಂ 888 ಎಂಬುದಿದೆ. ಅವನ ಮೆಲ್ಬರ್ನಿನ ಸ್ನೇಹಿತರಿಬ್ಬರು ಅದನ್ನು ತುಂಬುತ್ತಾರಂತೆ. ಜೊತೆಗೆ ನನ್ನದೂ ಒಂದು ಹೇಳಿಕೆ ಇರಲಿ ಎಂದಳು.

ಬರೆಯುತ್ತೇನೆ. ಏನು ಬರೆಯಬೇಕೆಂದೂ ಗೊತ್ತು. ಜೂನಿನಿಂದ ದಿನವೂ ಸಂಜೆ ಐದೂವರೆಗೆ ಅವಳು ಫೋನು ಹಿಡಿದು ಮನೆ ಮುಂದಿನ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಆಗ ಅಲ್ಲಿ ರಾತ್ರಿ ಹತ್ತು. ಅಕ್ಟೋಬರಿನ ಮೊದಲ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದರು. ಅವತ್ತಿನಿಂದ ಅವಳು ನಾಲ್ಕೂವರೆಗೇ ಮೆಟ್ಟಿಲ ಮೇಲೆ ಇರುತ್ತಾಳೆ. ಒಂದು ದಿನವೂ ತಪ್ಪಿದ್ದನ್ನು ನಾನು ಕಂಡಿಲ್ಲ.

ಏಜೆಂಟಿಗೆ ಬೇಡ ಎಂದು ಅವಳಪ್ಪ ಫೋನು ಮಾಡಿಯಾಯಿತು. ನಾಳೆ ಸಂಜೆ ಮುಯ್ಯಿ ಪುಸ್ತಕ, ಲಗ್ನಪತ್ರಿಕೆ ತೆಗೆದುಕೊಂಡು ನಮ್ಮ ಮನೆಗೆ ಬರುತ್ತಾಳೆ. ಫಾರಂ ಅವಳೇ ತುಂಬುತ್ತಾಳೆ.